ವಿಸ್ಕಿ ಅಂಗಡಿಯಲ್ಲಿ ‘ಸ್ಮೂತ್ ಆಗಿರೋದು ಕೊಡಿ’ ಅಂತ ಕೇಳುವ ಮೊದಲು ಇದನ್ನು ಓದಿ

ಹೊಸದಾಗಿ ವಿಸ್ಕಿ ಕುಡಿಯಲು ಶುರು ಮಾಡಿದವರಿಗೆ ಒಂದೇ ಮಾತು. ಗಿಫ್ಟ್ ಬಾಕ್ಸ್‌ನಲ್ಲಿರುವ ಬಾಟಲಿಯನ್ನು ಅಂಗಡಿಯಲ್ಲೇ ಹೊರಗೆ ತೆಗೆಸಿ, ಹಿಂದೆ ಮುಂದೆ ಲೇಬಲ್ ಓದಿ, ಆಮೇಲೆ ದುಡ್ಡು ಕೊಡಿ. ಬಾಕ್ಸ್ ಬಿಚ್ಚಲ್ಲ ಅಂದರೆ ಬಿಟ್ಟು ಬನ್ನಿ. ನಾನು ಸ್ಮೂತ್ ಆಗಿರೋದು ಬೇಕು ಅಂತ ಬಾಯಿ ಬಿಟ್ಟು ಕೇಳಿದ್ದೆ. ಹೊಸಬಳು ಅಂತಲೂ ಹೇಳಿದ್ದೆ. ಅಷ್ಟು ಹೇಳಿದ್ದೇ ಅವರಿಗೆ ಅನುಕೂಲವಾಯಿತು. ಹೊಗೆ ವಾಸನೆಯ, ಗಂಟಲು ಸುಡುವ ಬಾಟಲಿ ಕೊಟ್ಟು, ಅದರ ಮೇಲೆ ಎಂಆರ್‌ಪಿಗಿಂತ 850 ರೂಪಾಯಿ ಜಾಸ್ತಿ ಕಿತ್ತುಕೊಂಡರು.

ಅಂಗಡಿ ಹೆಸರು ಬರೆಯುತ್ತಿಲ್ಲ, ದೂರು ಕೊಟ್ಟಿದ್ದೇನೆ, ಅದರ ಪಾಡಿಗೆ ಅದು ನಡೆಯಲಿ. ಬೆಂಗಳೂರಿನ ದಕ್ಷಿಣ ಭಾಗದ ಒಂದು ದೊಡ್ಡ ಎಸಿ ಅಂಗಡಿ. ನಮ್ಮ ಮನೆ ಹತ್ತಿರವೇ ಒಂದು ವೈನ್ ಸ್ಟೋರ್ ಇದೆ. ಕಬ್ಬಿಣದ ಗ್ರಿಲ್ ಹಿಂದೆ ಒಬ್ಬ ನಿಂತಿರುತ್ತಾನೆ, ಮುಂದೆ ಜನ ಒಬ್ಬರ ಮೇಲೊಬ್ಬರು ಬಿದ್ದು ಕೈ ಚಾಚುತ್ತಾರೆ. ಅಲ್ಲಿ ಹೆಂಗಸರು ನಿಂತು ಲೇಬಲ್ ಓದುವ ಹಾಗಿಲ್ಲ, ಎಲ್ಲರ ಕಣ್ಣೂ ನಮ್ಮ ಮೇಲೇ. ಅದಕ್ಕೇ ಅಷ್ಟು ದೂರ ಹೋಗಿದ್ದು. ಅಲ್ಲಿ ಆರಾಮಾಗಿ ನೋಡಬಹುದು, ಕೇಳಬಹುದು, ಯಾರೂ ಏನೂ ಅನ್ನಲ್ಲ ಅಂತ.

ನನ್ನ ಗಂಡ ಕುಡಿಯುವುದಿಲ್ಲ. ಕುಡಿಯುವವಳು ನಾನು, ಅದೂ ಇತ್ತೀಚೆಗೆ. ಚರ್ಚ್ ಸ್ಟ್ರೀಟ್‌ನ ಪಬ್ ಒಂದರಲ್ಲಿ ಆಫೀಸಿನವರ ಜತೆ ಜೇಮ್ಸನ್‌ಗೆ ಸೋಡಾ ಹಾಕಿ ಕುಡಿದಿದ್ದೆ, ಇಷ್ಟವಾಗಿತ್ತು. ಅದು ಐರಿಶ್ ವಿಸ್ಕಿ, ಮೂರು ಸಲ ಬಟ್ಟಿ ಇಳಿಸುತ್ತಾರೆ, ಹಗುರವಾಗಿರುತ್ತದೆ. ಹಾಸನದಿಂದ ಅಕ್ಕ ಭಾವ ಬರುವವರಿದ್ದರು. ಭಾವನಿಗೆ ನಮ್ಮ ಮನೆಯಲ್ಲಿ ಒಂದು ಒಳ್ಳೆಯ ವಿಸ್ಕಿ ಕೊಡಬೇಕು, ಆ ಹಗುರದ ಜಾತಿಯದ್ದೇ ಆಗಿರಬೇಕು, ಸ್ವಲ್ಪ ದುಡ್ಡು ಜಾಸ್ತಿ ಆದರೂ ಸರಿ ಅಂದುಕೊಂಡು ಹೋದೆ.

ಒಳಗೆ ಕಾಲಿಟ್ಟ ತಕ್ಷಣ ಇಸ್ತ್ರಿ ಮಾಡಿದ ಕಪ್ಪು ಟೀ ಶರ್ಟ್ ಹಾಕಿದ ಹುಡುಗ ಬಂದ. ಅಂಗಡಿಯವನೇ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ ಅಲ್ವಾ? ಕೇಳಿದವಳು ನಾನು. ಅವನು ಉತ್ತರ ಕೊಟ್ಟಿದ್ದು ನನ್ನ ಗಂಡನಿಗೆ. “ಸರ್, ಮೇಡಂಗೆ ಸ್ಮೂತ್ ಬೇಕಾ? ಇದು ತಗೊಳ್ಳಿ ಸರ್. ಗಂಟಲಲ್ಲಿ ಇಳಿದಿದ್ದೇ ಗೊತ್ತಾಗಲ್ಲ.” ಇವರು ನಾನು ಕುಡಿಯಲ್ಲಪ್ಪಾ, ಅವರಿಗೆ ಹೇಳು ಅಂದರು. ಆಮೇಲೂ ಸರ್, ಸರ್ ಅಂತಲೇ.

ನಮ್ಮ ದೇಶದ್ದೇ ಒಂದು ಸಿಂಗಲ್ ಮಾಲ್ಟ್ ಅದು, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ. ದೊಡ್ಡ ಬಾಕ್ಸ್, ಜತೆಗೆ ಎರಡು ಗ್ಲಾಸ್. ಶೆಲ್ಫ್ ಮೇಲೆ ಬಾಕ್ಸ್ ಇಲ್ಲದ ಒಂದು ಬಾಟಲಿ ಡಿಸ್‌ಪ್ಲೇಗೆ ಇಟ್ಟಿದ್ದರು. ಅದನ್ನು ದೀಪಕ್ಕೆ ಹಿಡಿದು ತೋರಿಸಿದ. “ಕಲರ್ ನೋಡಿ ಮೇಡಂ. ಎಷ್ಟು ಡಾರ್ಕ್ ಇರುತ್ತೋ ಅಷ್ಟು ಹಳೇದು, ಅಷ್ಟು ಸ್ಮೂತ್. ಇದು ಹನ್ನೆರಡು ವರ್ಷದ್ದು.” ನಾನು ಎರಡು ಸಲ ಕೇಳಿದೆ, ಜೋರಾಗಿ ಇರಲ್ಲ ತಾನೇ ಅಂತ. “ಇಲ್ಲ ಮೇಡಂ, ಹೊಸಬರೆಲ್ಲ ಇದನ್ನೇ ತಗೊಂಡು ಹೋಗೋದು.” ಬಾಟಲಿ ಕೈಗೆ ಕೊಡಿ ಅಂದೆ. ವಾಪಸ್ ಶೆಲ್ಫ್‌ನಲ್ಲಿ ಇಟ್ಟ. ಬಾಕ್ಸ್ ಬಿಚ್ಚಿ ನೋಡಬಹುದಾ ಅಂದೆ. “ಸೀಲ್ ಪ್ಯಾಕ್ ಮೇಡಂ, ಬಿಚ್ಚಿದ್ರೆ ಬೇರೆಯವರು ತಗೊಳಲ್ಲ.”

ಬಿಲ್ ಕೇಳಿದರೆ ಸಿಸ್ಟಮ್ ಡೌನ್ ಅಂದರು. ಬಾಕ್ಸ್ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಪೆನ್ನಿನಲ್ಲಿ ಬರೆದ ರೇಟು. ಅಷ್ಟನ್ನು ಫೋನ್‌ನಿಂದ ಕಳಿಸಿ ಬಂದೆವು.

ಮನೆಯಲ್ಲಿ ರಾತ್ರಿ ಅಕ್ಕ ತಂದಿದ್ದ ನಿಪ್ಪಟ್ಟು ಇಟ್ಟುಕೊಂಡು ಕೂತೆವು. ಮುಚ್ಚಳ ತೆಗೆದ ತಕ್ಷಣ ಅಕ್ಕ ಮೂಗು ಮುಚ್ಚಿಕೊಂಡಳು. “ಏನೇ ಇದು, ಬಚ್ಚಲ ಒಲೆಗೆ ಹಸಿ ಸೌದೆ ಹಾಕಿದ ಹಾಗೆ ವಾಸನೆ?” ನಾನು ಒಂದು ಗುಟುಕು ಕುಡಿದೆ. ನಾಲಿಗೆಯಿಂದ ಎದೆವರೆಗೆ ಉರಿ. ಉರಿ ಇಳಿದ ಮೇಲೆ ಹೊಗೆ, ಹೊಗೆಯ ಹಿಂದೆ ಆಸ್ಪತ್ರೆ ವಾಸನೆ. ಕಣ್ಣಲ್ಲಿ ನೀರು ಬಂತು. ಭಾವ ಪಾಪ, “ಚೆನ್ನಾಗಿದೆ ಕಣಮ್ಮ, ಸ್ವಲ್ಪ ಸ್ಟ್ರಾಂಗ್ ಇದೆ ಅಷ್ಟೇ” ಅಂದರು. ಗ್ಲಾಸ್ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಮೊದಲ ಸಲ ನಮ್ಮ ಮನೆಯಲ್ಲಿ ಕೂತು ಕುಡಿಯಲು ಒಪ್ಪಿದ್ದರು. ಅವರ ಮುಂದೆ ನನಗೆ ತಲೆ ಎತ್ತುವುದಕ್ಕೇ ಆಗಲಿಲ್ಲ. ಕೆಟ್ಟು ಹೋಗಿದೆಯೇನೋ ಅಂತ ಅಕ್ಕ, ಡೂಪ್ಲಿಕೇಟ್ ಇರಬಹುದು ಅಂತ ಇವರು.

ಡೂಪ್ಲಿಕೇಟ್ ಅಲ್ಲ. ಮುಚ್ಚಳದ ಮೇಲೆ ಅಬಕಾರಿ ಇಲಾಖೆ ಚೀಟಿ ಸರಿಯಾಗೇ ಇತ್ತು. ಕನ್ನಡಕ ಹಾಕಿಕೊಂಡು ಭಾವನೇ ಹಿಂದಿನ ಲೇಬಲ್ ಓದಿದರು. ಪೀಟೆಡ್ ಅಂತ ಇತ್ತು. ಕಾಸ್ಕ್ ಸ್ಟ್ರೆಂತ್ ಅಂತ ಇತ್ತು. ಆಲ್ಕೋಹಾಲ್ ಶೇಕಡಾ 55ಕ್ಕೂ ಮೇಲೆ! ನಮ್ಮಲ್ಲಿ ಮಾಮೂಲಿ ಸಿಗುವ ವಿಸ್ಕಿಗಳಲ್ಲಿ ಇರುವುದು 42.8. ಪಬ್ಬಿನಲ್ಲಿ ನಾನು ಕುಡಿದ ಜೇಮ್ಸನ್ 40ರದ್ದು. ಕಾಸ್ಕ್ ಅಂದರೆ ಪೀಪಾಯಿ. ಪೀಪಾಯಿಯಿಂದ ತೆಗೆದಿದ್ದಕ್ಕೆ ನೀರು ಬೆರೆಸಿ ಇಳಿಸದೆ ಹಾಗೇ ತುಂಬಿದ ಬಾಟಲಿಯನ್ನು, ಹೊಸಬಳು ಅಂತ ಹೇಳಿಕೊಂಡವಳ ಕೈಗೆ ಕೊಟ್ಟಿದ್ದಾನೆ.

ಪೀಟ್ ಏನು ಅಂತ ಆ ರಾತ್ರಿ ಕೂತು ಓದಿದೆ. ಜೌಗು ನೆಲದಲ್ಲಿ ಗಿಡಗಂಟಿ ಸಾವಿರಾರು ವರ್ಷ ಕೊಳೆತು ಆಗುವ ಮಣ್ಣು ಅದು. ಒಣಗಿಸಿದರೆ ಸೌದೆಯಂತೆ ಉರಿಯುತ್ತದೆ. ಮೊಳಕೆ ಬರಿಸಿದ ಬಾರ್ಲಿಯನ್ನು ಆ ಹೊಗೆಯಲ್ಲಿ ಒಣಗಿಸುತ್ತಾರೆ. ಹೊಗೆ ಕಾಳಿಗೆ ಹಿಡಿದುಕೊಂಡರೆ ಬಟ್ಟಿ ಇಳಿಸಿದರೂ ಹೋಗಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರಾಯ್ಗ್, ಆರ್ಡ್‌ಬೆಗ್, ಲ್ಯಾಗವೂಲಿನ್ ಇವೆಲ್ಲ ಈ ಹೊಗೆಗೇ ಹೆಸರಾದವು. ಅದನ್ನೇ ಹುಡುಕಿಕೊಂಡು ಹೋಗಿ ತರುವವರಿದ್ದಾರೆ. ಬಾಟಲಿ ಮಾಡಿದವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ, ಅವರು ಲೇಬಲ್ ಮೇಲೆ ಎಲ್ಲ ಬರೆದೇ ಇದ್ದಾರೆ. ಆ ಲೇಬಲ್ ನನ್ನ ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡವರ ಮೇಲೆ ಸಿಟ್ಟು.

ಹನ್ನೆರಡು ವರ್ಷ ಅಂದನಲ್ಲ, ಅದು ಬಾಟಲಿಯ ಮೇಲೆ ಎಲ್ಲೂ ಇಲ್ಲ. ಇರುವುದೂ ಕಷ್ಟ. ನಮ್ಮ ಸೆಕೆಗೆ ಪೀಪಾಯಿಯಿಂದ ವಿಸ್ಕಿ ಬೇಗ ಆವಿಯಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇಕಡಾ 2ರ ಆಸುಪಾಸು ಹೋದರೆ ಬೆಂಗಳೂರಿನಲ್ಲಿ 10ರಿಂದ 12. ಹನ್ನೆರಡು ವರ್ಷ ಇಟ್ಟರೆ ಉಳಿಯುವುದು ಕಾಲು ಭಾಗವೋ ಏನೋ. ಹಾಗಾಗಿ ಇಲ್ಲಿಯವರು ಸಾಮಾನ್ಯವಾಗಿ ಅಷ್ಟು ವರ್ಷ ಇಡುವುದೇ ಇಲ್ಲ, ಇಡುವ ಅಗತ್ಯವೂ ಇಲ್ಲ, ಬೇಗ ಮಾಗುತ್ತದೆ. ಮೈಸೂರು ರಸ್ತೆಯ ಕಂಬೀಪುರದಲ್ಲೇ ಅಮೃತ್ ಡಿಸ್ಟಿಲರಿ ಇದೆ, 2004ರಲ್ಲಿ ಗ್ಲಾಸ್ಗೋದಲ್ಲಿ ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿ ಹೆಸರು ಮಾಡಿದವರು. ಅಂಥ ಊರಿನಲ್ಲಿ ಅಂಗಡಿ ಇಟ್ಟುಕೊಂಡು ಗಿರಾಕಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರೆ. ಬಣ್ಣದ ಕಥೆಯೂ ಸುಳ್ಳು. ಸ್ಕಾಚ್‌ಗೇ ಕ್ಯಾರಮೆಲ್ ಬಣ್ಣ ಸೇರಿಸಲು ಅವಕಾಶ ಇದೆ. ಬಣ್ಣ ನೋಡಿ ವಯಸ್ಸು ಹೇಳಕ್ಕಾಗಲ್ಲ.

ಇಷ್ಟಾದರೂ ಸುಮ್ನೆ ಇರುತ್ತಿದ್ದೆನೋ ಏನೋ. ಆದರೆ ಬಾಟಲಿ ಮೇಲಿನ ಎಂಆರ್‌ಪಿ ನೋಡಿದೆ. ಕೊಟ್ಟಿದ್ದಕ್ಕಿಂತ 850 ಕಡಿಮೆ. ಬಾಕ್ಸ್ ಮೇಲಿದ್ದ ಚೀಟಿಯನ್ನು ಉಗುರಿನಲ್ಲಿ ಕೆರೆದೆ. ಅರ್ಧ ಬಂತು, ಅರ್ಧ ಅಂಟಿಕೊಂಡೇ ಇತ್ತು. ಬಿಸಿನೀರಿನ ಬಟ್ಟೆ ಇಟ್ಟು ತೆಗೆದೆ. ಅಡಿಯಲ್ಲಿ ಇಂಗ್ಲಿಷಿನಲ್ಲಿ ಚಿನ್ನದ ಅಕ್ಷರ, ಎರಡು ಗ್ಲಾಸ್ ಉಚಿತ ಅಂತ. ಉಚಿತ ಅನ್ನುವ ಪದದ ಮೇಲೇ ಸರಿಯಾಗಿ ಚೀಟಿ ಕೂರಿಸಿದ್ದಾರೆ! ಅಲ್ಲಿ ನನಗೆ ಮೈ ಉರಿದುಹೋಯಿತು. ವಿಸ್ಕಿ ರುಚಿ ವಿಷಯದಲ್ಲಿ ಹುಡುಗನಿಗೆ ಗೊತ್ತಿಲ್ಲದೆ ಹೇಳಿದ್ದಾನೆ ಅನ್ನಬಹುದು. ಚೀಟಿ ಗೊತ್ತಿಲ್ಲದೆ ಅಂಟಿಸಿದ್ದಲ್ಲ. ಯೋಚನೆ ಮಾಡಿ, ಅಳತೆ ನೋಡಿ, ಆ ಪದದ ಮೇಲೇ ಅಂಟಿಸಿದ್ದು.

ಮಾರನೇ ದಿನ ಬಾಟಲಿ, ಬಾಕ್ಸ್, ಚೀಟಿ ಎಲ್ಲ ತಗೊಂಡು ಇವರ ಜತೆ ಹೋದೆ. ಕೌಂಟರ್‌ನಲ್ಲಿದ್ದವರು ಬಾಟಲಿ ನೋಡಿದ್ದೇ ತಡ, “ಸೀಲ್ ಓಪನ್ ಆದ್ಮೇಲೆ ಏನೂ ಮಾಡಕ್ಕಾಗಲ್ಲ ಮೇಡಂ” ಅಂದರು. ಸ್ಮೂತ್ ಅಂತ ಹೇಳಿ ಕೊಟ್ಟಿರಲ್ಲ ಅಂದೆ. “ಸ್ಮೂತ್ ಅನ್ನೋದು ಅವರವರ ಗಂಟಲಿಗೆ ಬಿಟ್ಟಿದ್ದು ಮೇಡಂ.” ಆ ಹುಡುಗನನ್ನು ಕರೀರಿ ಅಂದೆ. “ಅವನು ನಮ್ಮೋನಲ್ಲ, ಕಂಪನಿ ಪ್ರಮೋಟರ್. ಇವತ್ತು ಬೇರೆ ಅಂಗಡೀಲಿ ಇರ್ತಾನೆ.” ನಿಮ್ಮ ಅಂಗಡಿಯೊಳಗೆ ನಿಂತು, ನಿಮ್ಮ ಗಿರಾಕಿ ಜತೆ ಮಾತಾಡಿ, ನಿಮ್ಮ ಕೌಂಟರ್‌ವರೆಗೆ ಬಾಕ್ಸ್ ಹೊತ್ತು ತಂದವನು ನಿಮ್ಮವನಲ್ಲ! ಅದನ್ನು ನಿನ್ನೆ ಹೇಳಬೇಕಿತ್ತು ಅಲ್ವಾ?

“ಕೋಕ್ ಹಾಕೊಂಡು ಕುಡೀರಿ ಮೇಡಂ, ಗೊತ್ತಾಗಲ್ಲ” ಅಂತ ಇನ್ನೊಬ್ಬ ಹಿಂದಿನಿಂದ ಹೇಳಿದ. ಅಷ್ಟು ದುಡ್ಡು ಕೊಟ್ಟ ಸಿಂಗಲ್ ಮಾಲ್ಟ್‌ಗೆ ಕೋಕ್.

ಎಂಆರ್‌ಪಿ ಮಾತು ಎತ್ತಿದ ಮೇಲೆ ಸ್ವರ ಬದಲಾಯಿತು. ಮೊದಲು “ಗ್ಲಾಸ್‌ಗೆ ಮೇಡಂ ಅದು” ಅಂದರು. ಬಾಕ್ಸ್ ತಿರುಗಿಸಿ ಚಿನ್ನದ ಅಕ್ಷರ ತೋರಿಸಿದೆ. “ಪ್ಯಾಕಿಂಗ್ ಚಾರ್ಜ್ ಇರುತ್ತೆ.” ಯಾವ ರೂಲ್ಸ್‌ನಲ್ಲಿದೆ ಅಂದೆ. ಆಗ ನನ್ನನ್ನು ಬಿಟ್ಟು ಇವರ ಕಡೆ ತಿರುಗಿದರು. “ಸರ್, ನೀವಾದ್ರೂ ಮೇಡಂಗೆ ಸ್ವಲ್ಪ ಹೇಳಿ. ಹೆಂಗಸ್ರು ಇಂಥ ಜಾಗದಲ್ಲಿ ನಿಂತು ಗಲಾಟೆ ಮಾಡೋದು ಚೆನ್ನಾಗಿರಲ್ಲ.” ಕೊಳ್ಳುವಾಗ ಚೆನ್ನಾಗಿತ್ತು. ಪ್ರಶ್ನೆ ಕೇಳುವಾಗ ಚೆನ್ನಾಗಿರಲ್ಲ. ಬಿಲ್ ಕೊಡಿ ಅಂತ ಮತ್ತೆ ಕೇಳಿದೆ. ಸಿಸ್ಟಮ್ ಅವತ್ತೂ ಡೌನ್. ನನ್ನ ಪಕ್ಕದಲ್ಲಿ ನಿಂತಿದ್ದ ಗಿರಾಕಿಗೆ ಮಾತ್ರ ಪ್ರಿಂಟ್ ಹೊಡೆದು ಕೊಟ್ಟರು. ನನ್ನ ಕಣ್ಣೆದುರಿಗೇ.

ಬಾರ್‌ನಲ್ಲಿ ಕೂತು ಕುಡಿದರೆ ರೇಟು ಬೇರೆ, ಅದು ಎಲ್ಲರಿಗೂ ಗೊತ್ತು. ಕೊಂಡು ಮನೆಗೆ ತಗೊಂಡು ಹೋಗುವ ಅಂಗಡಿಯಲ್ಲಿ ಎಂಆರ್‌ಪಿ ಮೀರುವ ಹಾಗಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಅಬಕಾರಿ ಇಲಾಖೆಗೂ ಫೋಟೋ ಜತೆ ಬರೆದು ಕೊಟ್ಟೆ. ಆಮೇಲೆ ಮಾಲೀಕರು ಅಂತ ಒಬ್ಬರು ಫೋನ್ ಮಾಡಿದರು. “850 ವಾಪಸ್ ಹಾಕ್ತೀನಿ ಮೇಡಂ, ಕಂಪ್ಲೇಂಟ್ ತೆಗೀರಿ. ಇಷ್ಟಕ್ಕೆಲ್ಲ ಯಾಕೆ ದೊಡ್ಡದು ಮಾಡ್ತೀರಾ?” ಬಿಲ್ ಕೊಡಿ, ಆ ಪ್ರಮೋಟರ್‌ನನ್ನು ಅಲ್ಲಿಂದ ತೆಗೀರಿ, ಶೆಲ್ಫ್‌ನಲ್ಲಿರುವ ಬಾಕ್ಸ್‌ಗಳ ಚೀಟಿ ಕೀಳಿ, ಆಮೇಲೆ ಮಾತಾಡೋಣ ಅಂದೆ. ಫೋನ್ ಇಟ್ಟರು.

ನಿಮಗೆ ಹಗುರವಾದದ್ದು ಬೇಕಾದರೆ ಸ್ಮೂತ್ ಅನ್ನುವ ಮಾತನ್ನೇ ಆಡಬೇಡಿ. ಆ ಮಾತು ಕೇಳಿದರೆ ಖಾಲಿಯಾಗದ ಮಾಲು ಯಾವುದು ಅಂತ ನೋಡುತ್ತಾರೆ. ಪೀಟ್ ಇಲ್ಲದ್ದು, 40ರಿಂದ 43ರ ಒಳಗಿನದ್ದು ಅಂತ ಕೇಳಿ, ಎರಡನ್ನೂ ಲೇಬಲ್‌ನಲ್ಲಿ ನೀವೇ ಓದಿ. ಗ್ಲೆನ್‌ಲಿವೆಟ್ 12, ಗ್ಲೆನ್‌ಫಿಡಿಕ್ 12, ಗ್ಲೆನ್‌ಮೊರೆಂಜಿ, ಜೇಮ್ಸನ್ ಇವುಗಳಲ್ಲಿ ಹೊಗೆಯ ಕಾಟ ಇಲ್ಲ. ಜಾನಿ ವಾಕರ್ ಬ್ಲ್ಯಾಕ್‌ನಲ್ಲಿ ಸ್ವಲ್ಪ ಇರುತ್ತದೆ, ಗೊತ್ತಿರಲಿ. ವಯಸ್ಸು ಅಂದರೆ ಸಂಖ್ಯೆಯ ಪಕ್ಕದಲ್ಲಿ ವರ್ಷ ಅಂತ ಅಚ್ಚಾಗಿರಬೇಕು, ಬಾಯಿ ಮಾತಿನ ವಯಸ್ಸು ಲೆಕ್ಕಕ್ಕಿಲ್ಲ. ಬಾಟಲಿ ಕೊಳ್ಳುವ ಮೊದಲು ಯಾವುದಾದರೂ ಬಾರ್‌ನಲ್ಲಿ ಅದರದ್ದೇ 30 ಎಂಎಲ್ ಕುಡಿದು ನೋಡಿ. ಒಂದು ಪೆಗ್‌ಗೆ ರೇಟು ಜಾಸ್ತಿ ಅನಿಸಬಹುದು, ಪೂರ್ತಿ ಬಾಟಲಿ ಮೂಲೆ ಸೇರುವುದಕ್ಕಿಂತ ಎಷ್ಟೋ ಕಡಿಮೆ. ಅಂಗಡಿಯಲ್ಲಿ ಯಾರಾದರೂ ತಾವಾಗೇ ಬಂದು ಒಂದೇ ಕಂಪನಿ ಬಾಟಲಿ ಹೊಗಳಿದರೆ, ನೀವು ಅಂಗಡಿಯವರಾ, ಕಂಪನಿಯವರಾ ಅಂತ ಮೊದಲು ಕೇಳಿ.

ಮುಖ್ಯವಾಗಿ, ಬೆಂಗಳೂರಿನಲ್ಲಿ ಈಚೆಗೆ ಗ್ಲಾಸ್ ಇರುವ ಗಿಫ್ಟ್ ಬಾಕ್ಸ್ ಕೊಂಡಿರುವವರು ಮನೆಯಲ್ಲಿ ಬಾಕ್ಸ್ ಇನ್ನೂ ಇದ್ದರೆ ಎಸೆಯಬೇಡಿ. ಚೀಟಿ ನಿಧಾನಕ್ಕೆ ತೆಗೆದು ಅಡಿಯಲ್ಲಿ ಏನಿದೆ ನೋಡಿ, ಬಾಟಲಿ ಮೇಲಿನ ಎಂಆರ್‌ಪಿ ಜತೆ ಫೋಟೋ ತೆಗೆದು ನೀವೂ ದೂರು ಕೊಡಿ. ಒಬ್ಬಳೇ ಹೇಳಿದರೆ ಮೇಡಂ ಗಲಾಟೆ ಮಾಡ್ತಿದ್ದಾರೆ ಅಂತಾರೆ. ಹತ್ತು ಬಾಕ್ಸ್‌ನ ಫೋಟೋ ಹೋದರೆ ಹಾಗೆ ಹೇಳಕ್ಕಾಗಲ್ಲ.