ಕನ್ನಡಿ ಪ್ರೊಟ್ರಾಕ್ಟರ್ ಮತ್ತು ಡಿಜಿಟಲ್ ಗೇಜ್: ಎರಡು ವರ್ಷ ಬಳಸಿದ ಮೇಲೆ

ಟೋನ್‌ಆರ್ಮ್ (ರೆಕಾರ್ಡ್ ಪ್ಲೇಯರಿನಲ್ಲಿ ಸೂಜಿ ಹೊತ್ತ ತೋಳು) ಜೋಡಣೆ ಸರಿ ಇದೆಯೋ ಇಲ್ಲವೋ ಎಂಬುದು ಎಲ್‌ಪಿಯ ಕೊನೆಯ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಹೊರಗಿನ ಗೀರು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುತ್ತದೆ, ಲೇಬಲ್ಲಿನ ಹತ್ತಿರ ಬಂದಾಗ ಬರೀ 21. ಅಲ್ಲಿ ಧ್ವನಿಯೆಲ್ಲ ಇಕ್ಕಟ್ಟಾಗಿ ಕೂತಿರುತ್ತದೆ. ಹಿಂದೂಸ್ತಾನಿ ಗಾಯನದಲ್ಲಿ ದ್ರುತ್ (ವೇಗದ ಲಯದ ಭಾಗ) ಬರುವುದೂ, ಭೀಮಸೇನ ಜೋಶಿಯವರ ತಾನ್‌ಗಳು (ವೇಗದ ಸ್ವರಮಾಲೆಗಳು) ಏರುವುದೂ ಅಲ್ಲೇ. ಸೂಜಿ ಚೂರು ಓರೆಯಾಗಿದ್ದರೂ ತಾನ್ ಹರಿದ ಬಟ್ಟೆಯಂತೆ ಕೇಳುತ್ತದೆ. ಧಾರವಾಡದ ಕಡೆ ರೆಕಾರ್ಡು ಕೂಡಿಟ್ಟವರ ಕಪಾಟಿನಲ್ಲಿ ಹೆಚ್ಚಿರುವುದು ಇಂಥ ಗಾಯನವೇ, ಹಾಗಾಗಿ ಇಷ್ಟು ಬರೆಯಬೇಕೆನಿಸಿತು.

ಜೋಡಣೆಗೆ ಬಳಸಿದ ಸಾಧನ ಎರಡು: ಸೂಜಿಯ ಕೋನ ನೋಡಲು ಗೆರೆ ಹಾಕಿದ ಕನ್ನಡಿ ಪ್ರೊಟ್ರಾಕ್ಟರ್, ಸೂಜಿಯ ಭಾರ ಅಳೆಯಲು ಡಿಜಿಟಲ್ ಗೇಜ್. ಎರಡರಲ್ಲಿ ಮನಸ್ಸು ಗೆದ್ದದ್ದು ಪ್ರೊಟ್ರಾಕ್ಟರ್. ಸ್ಪಿಂಡಲ್‌ನಿಂದ (ರೆಕಾರ್ಡು ಕೂರುವ ನಡುಗೂಟ) 66 ಮತ್ತು 120.9 ಮಿ.ಮೀ. ದೂರದಲ್ಲಿ ಎರಡು ಚುಕ್ಕೆ, ಸುತ್ತ ಸಣ್ಣ ಚೌಕುಳಿ ಗೆರೆಗಳು. ಹೆಡ್‌ಶೆಲ್ಲಿನ (ಸೂಜಿಯಿರುವ ಪುಟ್ಟ ಪೆಟ್ಟಿಗೆ, ಅಂದರೆ ಕಾರ್ಟ್ರಿಜ್ಜನ್ನು ಹಿಡಿದಿರುವ ಆರ್ಮಿನ ತುದಿ) ಎರಡು ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಸೂಜಿಯನ್ನು ಚುಕ್ಕೆಯ ಮೇಲೆ ಇಳಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಬೇಕು. ಗೆರೆಗೆ ಸಮವಾಗಬೇಕಾದದ್ದು ಕಾರ್ಟ್ರಿಜ್ಜಿನ ಮೈ ಅಲ್ಲ, ಸೂಜಿ ಹೊತ್ತ ಕೂದಲೆಳೆಯಂಥ ಕಡ್ಡಿ. ಬಹಳ ಜನ ತಪ್ಪುವುದು ಇಲ್ಲೇ. ಒಂದು ಚುಕ್ಕೆಯಲ್ಲಿ ಕೂತು ಇನ್ನೊಂದರಲ್ಲಿ ಓರೆಯಾದರೆ ಕಾರ್ಟ್ರಿಜ್ಜನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಮತ್ತೆ ಎರಡನ್ನೂ ನೋಡಬೇಕು. ಮೊದಲ ಸಲ ಒಂದು ತಾಸು ಹಿಡಿದರೂ ಹಿಡಿಯಲಿ. ಕನ್ನಡಿಯಿಂದ ಇನ್ನೊಂದು ಲಾಭ: ಎದುರಿನಿಂದ ನೋಡಿದಾಗ ಸೂಜಿ ಮತ್ತು ಅದರ ಪ್ರತಿಬಿಂಬ ಒಂದೇ ನೆಟ್ಟ ಗೆರೆಯಾಗಿ ಕಂಡರೆ ಕಾರ್ಟ್ರಿಜ್ ಎಡಕ್ಕೋ ಬಲಕ್ಕೋ ವಾಲಿಲ್ಲ.

ಗೇಜ್ ವಿಷಯಕ್ಕೆ ಬಂದರೆ ಬೇಸರವಿದೆ. ಆಂಟಿ-ಸ್ಕೇಟ್ (ಆರ್ಮ್ ಒಳಕ್ಕೆ ಜಾರದಂತೆ ಹೊರಕ್ಕೆಳೆಯುವ ವ್ಯವಸ್ಥೆ) ಸೊನ್ನೆಗಿಟ್ಟು, ಆರ್ಮ್ ಗಾಳಿಯಲ್ಲಿ ಸಮನಾಗಿ ತೇಲುವಂತೆ ಅದರ ಹಿಂತುದಿಯ ತೂಕ ತಿರುಗಿಸಿ, ಅದರ ಉಂಗುರವನ್ನು ಸೊನ್ನೆಗೆ ತಂದು, ಬಳಿಕ 2 ಗ್ರಾಂಗೆ ಒಯ್ಯುವುದು ಎಲ್ಲರಿಗೂ ಗೊತ್ತು (ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ಜಿಗೆ 1.8ರಿಂದ 2.2 ಗ್ರಾಂ). ಅದನ್ನು ಖಾತ್ರಿ ಮಾಡಿಕೊಳ್ಳಲೆಂದೇ ಗೇಜ್ ಕೊಳ್ಳುವುದು. ಈ ಗೇಜಿನ ತಟ್ಟೆಯಲ್ಲಿ ಕಬ್ಬಿಣದ ಅಂಶವಿದೆ. ಸೂಜಿ ಮುಟ್ಟುವ ಮೊದಲೇ ಅಂಕಿ ಸೊನ್ನೆಗಿಂತ ಕೆಳಗಿಳಿಯುತ್ತದೆ; ಕಾರ್ಟ್ರಿಜ್ಜಿನ ಆಯಸ್ಕಾಂತ ತಟ್ಟೆಯನ್ನು ಮೇಲಕ್ಕೆಳೆಯುವುದರ ಗುರುತು ಅದು. ಇಂಥ ತಕ್ಕಡಿಯ 2.00 ನಂಬುವಂತಿಲ್ಲ. ಕೊಳ್ಳುವಾಗ ತಟ್ಟೆಗೆ ಸಣ್ಣ ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಬೇಡ. ಗೇಜ್ ರೆಕಾರ್ಡಿಗಿಂತ ಎತ್ತರವಿದ್ದರೆ ಕೆಲವು ಆರ್ಮ್‌ಗಳಲ್ಲಿ ತೂಕವೂ ಬದಲಾಗಿ ಕಾಣುತ್ತದೆ, ರೆಕಾರ್ಡಿನ ಕೆಳಗೆ ಹಾಸುವ ಮ್ಯಾಟ್ ತೆಗೆದು ಅಳೆಯಿರಿ. ಫ್ಯಾನ್ ಆರಿಸಿ. ಸೆಲ್ ಹಳತಾದರೆ ಅಂಕಿ ಜಾರುತ್ತದೆ, ಜೊತೆಗೆ ಕೊಟ್ಟ 5 ಗ್ರಾಂ ತೂಕ ಇಟ್ಟು ಆಗಾಗ ಸರಿಪಡಿಸಬೇಕು.

ಗೀರು ಸವೆಯಬಾರದೆಂದು ತೂಕ 1.5ಕ್ಕೆ ಇಳಿಸುವವರಿದ್ದಾರೆ. ದಯವಿಟ್ಟು ಬೇಡ. ಹಗುರಾದ ಸೂಜಿ ಗೀರಿನೊಳಗೆ ಕೂರದೆ ಜಿಗಿದು ಗೋಡೆಗೆ ಹೊಡೆಯುತ್ತದೆ, 2.1ಕ್ಕಿಂತ ಅದರ ಹಾನಿ ಹೆಚ್ಚು.

ಆರ್ಮಿನ ಎತ್ತರ: ರೆಕಾರ್ಡಿಗೆ ಸಮಾಂತರ ಇದ್ದರೆ ಸಾಕು. ಟರ್ನ್‌ಟೇಬಲ್ಲಿನ ಮೇಲೆ ರಸಮಟ್ಟ ಇಟ್ಟು ನೋಡುವುದನ್ನು ಎಲ್ಲಕ್ಕಿಂತ ಮೊದಲು ಮಾಡಿರಬೇಕು.

ಆಂಟಿ-ಸ್ಕೇಟ್ ಮಾತ್ರ ಕಿವಿಯಿಂದಲೇ ಹೊಂದಿಸಬೇಕು. ತೂಕದಷ್ಟೇ ಅಂಕಿಗಿಟ್ಟು ಶುರುಮಾಡಿ. ಅದು ಕಡಿಮೆಯಾದರೆ ಸೂಜಿ ಒಳಗೋಡೆಗೆ ಒರಗುತ್ತದೆ, ಬಲಗಡೆಯ ಸ್ಪೀಕರಿನ ಧ್ವನಿ ಮೊದಲು ಒಡೆಯುತ್ತದೆ. ಹೆಚ್ಚಾದರೆ ಎಡಗಡೆಯದು. ಪರೀಕ್ಷೆಗೆ ವಚನದ ರೆಕಾರ್ಡು ಒಳ್ಳೆಯದು: ಅಂಕಿತ ಬರುವುದು ವಚನದ ತುದಿಗೆ, ಮಗ್ಗುಲಿನ ಕೊನೆಯ ವಚನದ ಅಂಕಿತ ಲೇಬಲ್ಲಿನ ಪಕ್ಕಕ್ಕೇ ಬರುತ್ತದೆ. ‘ಕೂಡಲಸಂಗಮದೇವಾ’ ಎನ್ನುವಾಗ ಆ ‘ಸ’ ಸೀಳದೆ ಮೆತ್ತಗೆ ಬರಬೇಕು.

ಜೋಡಣೆಗೆ ಕೈ ಹಾಕುವ ಮುಂಚೆ ಸೂಜಿಯ ತುದಿ ನೋಡಿ. ಗದಗಿನ ಎರಿಮಣ್ಣಿನ ಬೇಸಿಗೆ ಧೂಳು ರೆಕಾರ್ಡಿನ ಒಂದೇ ಮಗ್ಗುಲು ಮುಗಿಯುವಷ್ಟರಲ್ಲಿ ಹತ್ತಿಯುಂಡೆಯಂತೆ ಕಟ್ಟಿಕೊಳ್ಳುತ್ತದೆ, ಧ್ವನಿ ಥೇಟ್ ತಪ್ಪು ಜೋಡಣೆಯಂತೆಯೇ ಒಡೆಯುತ್ತದೆ. ಪ್ರತಿ ಮಗ್ಗುಲಿಗೂ ಮೊದಲು ಮೆತ್ತನೆಯ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಿರಿ. ಅಡ್ಡ ಎಳೆದರೆ ಕಡ್ಡಿ ಬಾಗುತ್ತದೆ.

ಕನ್ನಡಿಗೆ ಐದಕ್ಕೆ ಐದು, ಗೇಜಿಗೆ ಎರಡು. ಸಂತೆಯಲ್ಲಿ ಕೊಂಡ ಹಳೆಯ ರೆಕಾರ್ಡಿನ ಒಳಗೀರು ಮೊದಲೇ ಸವೆದಿದ್ದರೆ ಎಂಥ ಜೋಡಣೆಯೂ ಅದನ್ನು ಉಳಿಸದು. ಅದಕ್ಕೇ ಪರೀಕ್ಷೆಗೆ ಕಡಿಮೆ ಬಳಸಿದ ಒಂದು ರೆಕಾರ್ಡನ್ನು ಬೇರೆ ಎತ್ತಿಡಿ.