ಶರಾವತಿ ಹಿನ್ನೀರಿನಲ್ಲಿ ಗಾಳ: ಗೆಂಡೆಗೋ, ಕಾಟ್ಲಾಕ್ಕೋ, ಮರಲ್‌ಗೋ?

ಸಾಗರದ ಕಡೆ ಗಾಳ ಹಾಕಲು ಬರುವವರು ಮೊದಲು ಕೇಳುವುದು ಯಾವ ರಾಡು ಒಳ್ಳೆಯದು ಅಂತ. ನಾನು ಮಾತ್ರ ಯಾವ ಮೀನಿಗೆ ಹೋಗುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಒಂದೇ ದಂಡೆಯಲ್ಲಿ ನಿಂತರೂ ಗೆಂಡೆ, ಕಾಟ್ಲಾ, ಮರಲ್ ಈ ಮೂರು ಮೀನು ಸಿಗುವ ಆಳ ಬೇರೆ, ಹೊತ್ತು ಬೇರೆ, ಮೇವು ಬೇರೆ. ಮೂರಕ್ಕೂ ಕೂತು ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಖಾಲಿ ಕೈಯಲ್ಲಿ ಮನೆಗೆ ಬರಬಾರದು ಅಂದರೆ ಗೆಂಡೆ, ಮೈ ಜುಮ್ಮೆನ್ನಬೇಕು ಅಂದರೆ ಮರಲ್. ಕಾಟ್ಲಾ ಇಡೀ ದಿನ ಬಿಡುವಿದ್ದವರಿಗೆ.

ಗೆಂಡೆಯಿಂದಲೇ ಶುರು ಮಾಡೋಣ. ಇಲ್ಲಿ ಗೆಂಡೆ ಅಂದದ್ದು ಕಾಮನ್ ಕಾರ್ಪ್‌ಗೆ. ಇದು ನೆಲದ ಮೀನು. ಬಾಯಿಯ ಪಕ್ಕ ಎರಡು ಜೊತೆ ಮೀಸೆ ಇರುತ್ತದೆ, ಅದರಿಂದಲೇ ಕೆಸರು ತಡಕಿ ಮೇವು ಹುಡುಕುತ್ತದೆ. ಹಾಗಾಗಿ ಗಾಳ ತಳ ಮುಟ್ಟಲೇಬೇಕು. ಎರೆಹುಳು ಸಾಕು, ಆದರೆ ಸಣ್ಣ ಮೀನುಗಳು ಅದನ್ನು ಕಿತ್ತು ತಿಂದು ಮುಗಿಸುತ್ತವೆ. ಅದಕ್ಕೆ ನಾನು ಶೇಂಗಾ ಹಿಂಡಿ, ಅಕ್ಕಿ ತೌಡು, ಸ್ವಲ್ಪ ಮೈದಾ ಕಲಸಿ ಗಟ್ಟಿ ಉಂಡೆ ಮಾಡುತ್ತೇನೆ. ನೀರಲ್ಲಿ ಬಿದ್ದ ಕೂಡಲೇ ಕರಗಬಾರದು, ಕಲ್ಲಿನ ಹಾಗೆ ಗಟ್ಟಿಯಾಗಿಯೂ ಇರಬಾರದು.

ಗೆಂಡೆ ಕಚ್ಚುವ ರೀತಿ ನೋಡಬೇಕು. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡು ಮೊದಲು ಸಣ್ಣಗೆ ನಡುಗುತ್ತದೆ. ಆಮೇಲೆ ಮುಳುಗುವ ಬದಲು ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗಿಬಿಡುತ್ತದೆ. ಮೀನು ತಳದಿಂದ ಉಂಡೆಯನ್ನು ಎತ್ತಿಕೊಂಡಾಗ ಸೀಸದ ಭಾರ ಬೆಂಡಿನ ಮೇಲಿಂದ ಇಳಿಯುತ್ತದೆ, ಅದಕ್ಕೇ ಹೀಗಾಗುತ್ತದೆ. ಎಳೆಯಬೇಕಾದ್ದು ಆಗಲೇ. ಬೆಂಡು ಮುಳುಗಲಿ ಎಂದು ಕಾಯುತ್ತಾ ಕೂತರೆ ಉಂಡೆ ಹೋಯಿತು ಅಂತಲೇ ಲೆಕ್ಕ.

ಕಾಟ್ಲಾದ ಬಾಯಿ ಮೇಲ್ಮುಖ. ಅದು ನೀರಿನ ಮೇಲ್ಪದರದಲ್ಲಿ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು. ತಳದಲ್ಲಿ ಉಂಡೆ ಇಟ್ಟು ಕಾದರೆ ಸುಮ್ನೆ ಹೊತ್ತು ಹೋಗುತ್ತದೆ. ಇದಕ್ಕೆ ಸ್ಪ್ರಿಂಗ್ ಗಾಳ ಬೇಕು: ಸ್ಪ್ರಿಂಗ್ ಸುತ್ತ ಸಡಿಲವಾದ ಹಿಟ್ಟು ಮೆತ್ತಿ, ಅದರ ಸುತ್ತ ನಾಲ್ಕೈದು ಗಾಳ ಇಳಿಬಿಟ್ಟು, ಬೆಂಡು ಕಟ್ಟಿ ನಡುನೀರಿಗಿಂತ ಮೇಲೆ ತೂಗಿಸುವುದು. ಹಿಟ್ಟು ಉದುರುತ್ತಾ ಇರಬೇಕು. ಅದನ್ನು ಹೀರಲು ಬಂದ ಕಾಟ್ಲಾ ಗಾಳವನ್ನೂ ಹೀರಿಕೊಳ್ಳುತ್ತದೆ. ಸಿಕ್ಕರೆ ದೊಡ್ಡದೇ ಸಿಗುತ್ತದೆ, ಆದರೆ ಎಷ್ಟೋ ಸಲ ಸಂಜೆವರೆಗೂ ಬೆಂಡು ಅಲುಗುವುದಿಲ್ಲ. ಕಾಟ್ಲಾ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಅದಕ್ಕೆ ಹರಿಯುವ ಹೊಳೆ ಬೇಕು. ಹಾಗಾಗಿ ಕೆರೆ, ಜಲಾಶಯಗಳಲ್ಲಿ ಮರಿ ಎಷ್ಟು ಬಿಟ್ಟಿದ್ದಾರೆ ಅನ್ನುವುದರ ಮೇಲೂ ನಮ್ಮ ಅದೃಷ್ಟ ನಿಂತಿದೆ.

ಮರಲ್‌ನ ಕಥೆಯೇ ಬೇರೆ. ಕೆಲವರು ಕೊರವ ಅನ್ನುತ್ತಾರೆ. ಬೇಟೆಯಾಡುವ ಮೀನು, ಹಿಟ್ಟಿನ ಉಂಡೆ ಕಡೆ ತಿರುಗಿಯೂ ನೋಡುವುದಿಲ್ಲ. ಇದಕ್ಕೆ ಆಳದ ನೀರು ಬೇಡ. ಹಿನ್ನೀರು ಗದ್ದೆಗಳ ಬುಡಕ್ಕೆ ಬಂದು ನಿಂತ ಕಡೆ, ಜೊಂಡು, ಕಳೆ, ಮುಳುಗಿದ ಮರದ ಬೊಡ್ಡೆ ಇರುವಲ್ಲಿ ಬೆಳಗಿನ ಹೊತ್ತು ನಡೆಯುತ್ತಾ ಹುಡುಕಬೇಕು. ಇದು ಗಾಳಿಯನ್ನೂ ಉಸಿರಾಡುವ ಮೀನು, ಆಗಾಗ ಮೇಲೆ ಬಂದು ಗುಳಕ್ ಎನ್ನಿಸುತ್ತದೆ. ಅದೇ ಸುಳಿವು. ಅಲ್ಲಿಂದ ಸ್ವಲ್ಪ ಆಚೆಗೆ ರಬ್ಬರ್ ಕಪ್ಪೆ ಎಸೆದು, ಕುಪ್ಪಳಿಸುವ ಹಾಗೆ ಎಳೆದು ತರಬೇಕು. ಕಪ್ಪೆಯ ಗಾಳಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಕಳೆಗೆ ಸಿಕ್ಕುವುದು ಕಡಿಮೆ. ಹೊಡೆತ ಬಿದ್ದ ಕೂಡಲೇ ಎಳೆಯಬಾರದು. ಮೀನು ಕಪ್ಪೆಯನ್ನು ಬಾಯೊಳಗೆ ತಿರುಗಿಸಿಕೊಳ್ಳಲು ಒಂದೆರಡು ಕ್ಷಣ ಬಿಡಬೇಕು. ಆ ಎರಡು ಕ್ಷಣ ತಡೆಯುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ಗಾಳದಲ್ಲಿ ಇನ್ನೊಂದಿಲ್ಲ! ದಾರವೂ ಹೆಣೆದ ಗಟ್ಟಿ ದಾರವೇ ಆಗಬೇಕು. ತೆಳು ನೈಲಾನ್ ಬೊಡ್ಡೆಗೆ ಉಜ್ಜಿ ಕಡಿದುಹೋಗುತ್ತದೆ.

ಒಂದು ಮಾತು ಮಾತ್ರ ಕೈಮುಗಿದು ಕೇಳುತ್ತೇನೆ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿಗೆ ಕಪ್ಪೆ ಎಸೆಯಬೇಡಿ. ಕೆಳಗೆ ದೊಡ್ಡ ಮರಲ್ ಕಾವಲು ಇರುತ್ತದೆ, ಸಿಟ್ಟಿಗೆ ಖಂಡಿತ ಕಚ್ಚುತ್ತದೆ. ಅದನ್ನು ಎತ್ತಿದರೆ ಮರಿಗಳೆಲ್ಲ ಬೇರೆ ಮೀನುಗಳ ಬಾಯಿಗೆ. ಮೊದಲ ಮಳೆಗೆ ಹತ್ತುಮೀನು ಕಡಿಯುವುದನ್ನೂ ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಗದ್ದೆಗೆ ಏರುವ ಮೀನು ಅದು.

ಹೊತ್ತು, ಕಾಲದ ಲೆಕ್ಕವೂ ಇದೆ. 1964ರಲ್ಲಿ ಮುಗಿದ ಈ ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ. ಮಳೆಗಾಲ ಚೆನ್ನಾಗಾದ ವರ್ಷ ನೀರು ಅಂಚಿನವರೆಗೆ ಬಂದು ಜೊಂಡು ಮುಳುಗಿದಾಗ ಮರಲ್‌ಗೆ ಹಬ್ಬ. ಕರೆಂಟ್‌ಗೆ ನೀರು ಬಿಡುತ್ತಾ ಬೇಸಿಗೆ ಹೊತ್ತಿಗೆ ದಂಡೆ ದೂರ ಸರಿದು ಒಣಬೊಡ್ಡೆಗಳು ಎದ್ದು ನಿಲ್ಲುತ್ತವೆ. ಆಗ ಗೆಂಡೆಯೇ ವಾಸಿ, ಬೊಡ್ಡೆ ಇಲ್ಲದ ಬಯಲು ಜಾಗ ಕಣ್ಣಿಗೇ ಕಾಣುತ್ತದಲ್ವಾ. ಹಿನ್ನೀರಿನ ಒಂದಷ್ಟು ಭಾಗ ಅಭಯಾರಣ್ಯಕ್ಕೆ ಸೇರಿದೆ, ಅಲ್ಲಿ ಗಾಳ ಹಾಕುವಂತಿಲ್ಲ. ಉಳಿದ ಕಡೆಯೂ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೋಗಿ.

ಅಡುಗೆಮನೆಯಲ್ಲಿ ಈ ಸಾಲು ತಿರುಗುಮುರುಗಾಗುತ್ತದೆ. ಮರಲ್‌ಗೆ ಮುಳ್ಳು ಕಡಿಮೆ, ಮಕ್ಕಳಿಗೂ ಧೈರ್ಯವಾಗಿ ಕೊಡಬಹುದು. ಕಾಟ್ಲಾದ ತಲೆ ಸಾರಿಗೆ ಮನೆಯಲ್ಲಿ ಜಗಳವೇ ಆಗುತ್ತದೆ. ಗೆಂಡೆಗೆ ಕೆಸರಿನ ವಾಸನೆ ಜಾಸ್ತಿ. ಉಪ್ಪು, ಅರಿಸಿನ ಹಾಕಿ ಉಜ್ಜಿ ತೊಳೆದು, ಹುಣಸೆಹಣ್ಣಿನ ಬದಲು ಉಪ್ಪಾಗೆ ಹುಳಿ ಹಾಕಿ ಸಾರು ಮಾಡಿ. ಆ ವಾಸನೆ ಹೋಗುತ್ತದೆ, ಮಾರನೇ ದಿನಕ್ಕೆ ಸಾರು ಇನ್ನೂ ರುಚಿ.