ಲೈಮ್ ಟೆಸ್ಟ್ ನೆಗೆಟಿವ್ ಬಂತೆಂದು ನಾನು ಸುಮ್ಮನಾದೆ, ನೀವು ಆಗಬೇಡಿ

ಅಮೆರಿಕದ ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ ಕಡೆ ಇರುವ ಕನ್ನಡಿಗರು ದಯವಿಟ್ಟು ಓದಿ. ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೂ ಹೇಳಿ. ಲೈಮ್ ಅಂದರೆ ಇಲ್ಲಿ ಉಣುಗು ಕಚ್ಚಿ ಬರುವ ಕಾಯಿಲೆ.

ಕಳೆದ ಜೂನ್‌ನಲ್ಲಿ ಹಿತ್ತಲ ಹುಲ್ಲು ಕತ್ತರಿಸಿದ ಎರಡು ದಿನಕ್ಕೆ ಮೊಣಕಾಲಿನ ಹಿಂದೆ ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕಿ ಕಂಡಿತು. ಉಣುಗು. ಕಿತ್ತು ಬಿಸಾಡಿದೆ. ನಾನು ಮಲೆನಾಡಿನವನು, ಉಣುಗು ಅಂದರೆ ಮಂಗನ ಕಾಯಿಲೆಯೇ ನೆನಪಿಗೆ ಬರುವುದು. ಅದು ವೈರಸ್‌ನಿಂದ ಬರುವುದು, ಇಲ್ಲಿನ ಲೈಮ್ ಬರುವುದು ಬ್ಯಾಕ್ಟೀರಿಯಾದಿಂದ. ಇದಕ್ಕೆ ಮಾತ್ರೆ ಇದೆಯಲ್ವಾ ಎಂಬ ಧೈರ್ಯವಿತ್ತು.

ಎಂಟನೇ ದಿನ ಜ್ವರ. ಕಚ್ಚಿದ ಜಾಗದ ಸುತ್ತ ಅಂಗೈ ಅಗಲ ಕೆಂಪಾಗಿತ್ತು, ತುರಿಕೆಯಿಲ್ಲ, ನೋವಿಲ್ಲ. ಕ್ಲಿನಿಕ್‌ನಲ್ಲಿ ರಕ್ತ ತೆಗೆದರು. ನೆಗೆಟಿವ್. ‘ಲೈಮ್ ಅಲ್ಲ, ವೈರಲ್ ಜ್ವರ’ ಎಂದರು. ಕೆಂಪು ತಾನಾಗಿಯೇ ಮಾಸಿತು. ನಾನೂ ಮರೆತೆ.

ಐದನೇ ವಾರ, ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿತು. ಕನ್ನಡಿಯಲ್ಲಿ ನೋಡಿದರೆ ಅರ್ಧ ಮುಖ ಜೋತುಬಿದ್ದಿತ್ತು. ಬಲಗಣ್ಣು ಮುಚ್ಚಲು ಆಗಲಿಲ್ಲ. ನನ್ನ ಹೆಂಡತಿ ಲಕ್ವ ಹೊಡೆಯಿತೆಂದು ಅತ್ತುಬಿಟ್ಟಳು. ಆಸ್ಪತ್ರೆಯಲ್ಲಿ ಮತ್ತೆ ಅದೇ ಟೆಸ್ಟ್. ಈಗ ಪಾಸಿಟಿವ್. ಮುಖ ಜೋತುಬಿದ್ದದ್ದು ಲೈಮ್‌ನಿಂದಲೇ.

ಆ ಟೆಸ್ಟ್ ಬ್ಯಾಕ್ಟೀರಿಯಾವನ್ನು ಹುಡುಕುವುದೇ ಇಲ್ಲ. ಅದರ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಮೊದಲು ಬರುವ ಐಜಿಎಂ ಎಂಬ ಪ್ರತಿಕಾಯಕ್ಕೇ ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಆಮೇಲೆ ಬರುವ ಐಜಿಜಿ ಎಂಬುದಕ್ಕೆ ಇನ್ನೂ ಜಾಸ್ತಿ. ಉಣುಗಿನ ಜೊಲ್ಲು ಬೇರೆ ಕಚ್ಚಿದ ಜಾಗದಲ್ಲಿ ನಮ್ಮ ರಕ್ಷಣೆಯನ್ನು ಮಂಕು ಮಾಡುತ್ತದೆ. ಎಂಟನೇ ದಿನ ನನ್ನ ರಕ್ತದಲ್ಲಿ ಸಿಗುವಷ್ಟು ಏನೂ ಇರಲಿಲ್ಲ, ಅಷ್ಟೇ. ಆ ಕೆಂಪು ವೃತ್ತವೊಂದೇ ಸಾಕಿತ್ತು. ಅದನ್ನು ಕಂಡರೆ ಟೆಸ್ಟ್‌ಗೆ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಶುರು ಮಾಡಬೇಕೆಂಬುದೇ ಇಲ್ಲಿನ ನಿಯಮ. ಹತ್ತು ದಿನದ ಮಾತ್ರೆಯಲ್ಲಿ ಮುಗಿಯಬಹುದಿತ್ತು. ಮುಖ ಸರಿಯಾಗಲು ನನಗೆ ಎರಡು ತಿಂಗಳು ಹಿಡಿಯಿತು. ರಾತ್ರಿ ಕಣ್ಣಿಗೆ ಟೇಪ್ ಅಂಟಿಸಿಕೊಂಡು ಮಲಗುತ್ತಿದ್ದೆ.

‘ಒಮ್ಮೆ ಬಂತಲ್ಲ, ಇನ್ನು ಬರಲ್ಲ ಬಿಡಿ’ ಎಂದು ಗೆಳೆಯರೊಬ್ಬರು ಸಮಾಧಾನ ಹೇಳಿದರು. ಅದೂ ತಪ್ಪು. ಪ್ರತಿಕಾಯಗಳು ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಹುದು, ಆದರೆ ಮುಂದಿನ ಉಣುಗಿನಿಂದ ಕಾಪಾಡುತ್ತವೆಂಬ ಭರವಸೆಯಿಲ್ಲ. ಮುಂದೆ ಟೆಸ್ಟ್ ಪಾಸಿಟಿವ್ ಬಂದರೂ ಅದು ಹಳೆಯದೋ ಹೊಸದೋ ತಿಳಿಯುವುದು ಕಷ್ಟ.

ಮೊನ್ನೆ ಮಗಳ ಕಿವಿಯ ಹಿಂದೆ ಒಂದು ಸಿಕ್ಕಿತು. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆದೆ. ಫೋಟೊ ತೆಗೆದು, ತಾರೀಖು ಬರೆದಿಟ್ಟು, ಅಂದೇ ಡಾಕ್ಟರಿಗೆ ಫೋನ್ ಮಾಡಿದೆ. ಈಗ ದಿನಾ ಸ್ನಾನದ ಹೊತ್ತಿಗೆ ಆ ಜಾಗ ನೋಡುತ್ತಿದ್ದೇವೆ.